ಓದುಗರ ಪ್ರಶ್ನೆ: ಗೋರಿಯಲ್ಲಿರುವ ಸೈನಿಕ ಯಾರು?

ಪ್ರಶ್ನೆ: ಬಳ್ಳಾರಿ ದಂಡಿನ ಪ್ರದೇಶದ ಹಳೆಯ ಕ್ರೈಸ್ತ ಸ್ಮಶಾನದಲ್ಲಿ ಸೈನಿಕರ ಗೋರಿಗಳ ಅಕ್ಷರ ಸವೆದಿವೆ. ಸೀಮೆಸುಣ್ಣ ಉಜ್ಜಿ ಓದಬಹುದೇ? ರೆಜಿಮೆಂಟ್ ಪತ್ತೆ ಹೇಗೆ?
– ಓದುಗರು, ಕೌಲ್‌ಬಜಾರ್

ಉತ್ತರ: ಸೀಮೆಸುಣ್ಣ ಬೇಡವೇ ಬೇಡ. ಕಲ್ಲಿನ ಸಂದಿಗಳಲ್ಲಿ ಕೂತ ಪುಡಿ ಮಳೆಗೂ ಹೋಗದು. ತಂತಿ ಬ್ರಶ್ಶು, ಆಸಿಡ್ಡು ಇನ್ನೂ ಕೆಟ್ಟವು. ಪಾಚಿಯ ಜೊತೆ ಅಕ್ಷರದ ಅಂಚೂ ಉದುರುತ್ತದೆ. ಒಂದಡಿ ಕನ್ನಡಿ ಸಾಕು. ಒಬ್ಬರು ಕಲ್ಲಿನ ಪಕ್ಕಕ್ಕೆ ನಿಂತು ಬಿಸಿಲನ್ನು ಅದರ ಮೈ ಸವರುವಂತೆ ಓರೆಯಾಗಿ ಬಿಡಲಿ, ಇನ್ನೊಬ್ಬರು ನೇರ ಎದುರಿನಿಂದ ಫೋಟೊ ತೆಗೆಯಲಿ. ಕೊರೆದ ಗೆರೆಯೊಳಗೆ ನೆರಳು ತುಂಬಿ ಅಂಕಿ ಎದ್ದು ಕಾಣುತ್ತದೆ. ಎಡದಿಂದೊಮ್ಮೆ, ಬಲದಿಂದೊಮ್ಮೆ ಬೆಳಕು ಬಿಡಿ. ಇಲ್ಲದಿದ್ದರೆ 3 ಯಾವುದು, 8 ಯಾವುದು ಗೊತ್ತಾಗದು.

ರೆಜಿಮೆಂಟಿನ ನಂಬರ್ ನೋಡುವ ಮೊದಲು ಸತ್ತ ಇಸವಿ ನೋಡಿ. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. 1903ರಲ್ಲಿ ಮದ್ರಾಸ್ ಕಾಲಾಳು ಪಡೆಗಳ ನಂಬರಿಗೆ 60 ಕೂಡಿಸಿದರು: 19ನೆಯದು 79ನೇ ಕರ್ನಾಟಿಕ್ ಕಾಲಾಳು ಪಡೆ ಆಯಿತು. 1922ರಲ್ಲಿ ಮತ್ತೆ ಎಲ್ಲ ಬದಲಾಯಿತು. ಹಾಗಾಗಿ 1890ರ ಕಲ್ಲಿನ ನಂಬರನ್ನು 1910ರ ಪಟ್ಟಿಯಲ್ಲಿ ಹುಡುಕಿದರೆ ಬೇರೆಯವರೇ ಸಿಗುತ್ತಾರೆ. ಆ ಕಾಲದ ಯುರೋಪಿಯನ್ನರ ಶವಸಂಸ್ಕಾರದ ದಾಖಲೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮದ್ರಾಸ್ ಪ್ರಾಂತ್ಯದ ಸರಣಿಯ ಗುರುತು ಎನ್/2.

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಊರಿನ ಖಬರಸ್ತಾನದಲ್ಲಿ ಮಣ್ಣಾದರು. ಕಾಗದಪತ್ರ ಒಂದೂ ಇಲ್ಲ, ಎರಡು ಪದಕ ಮಾತ್ರ ಇವೆ.
– ಓದುಗರು, ಸಿರುಗುಪ್ಪ

ಉತ್ತರ: ಆ ಪದಕಗಳೇ ನಿಮ್ಮ ಕಾಗದ. ಮುಖ ಬಿಡಿ, ಅಂಚು ನೋಡಿ. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸೇನಾ ನಂಬರ್, ಹುದ್ದೆ, ಹೆಸರು, ಪಡೆಯ ಗಿಡ್ಡ ಹೆಸರು ಇರುತ್ತವೆ. ಕಿಟಕಿ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಮೆಲ್ಲಗೆ ತಿರುಗಿಸುತ್ತ ಓದಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ತೀರಾ ಮೇಲುಮೇಲೆ ಇರುತ್ತವೆ.

ನಂಬರ್ ಸಿಕ್ಕರೆ ಆಯಾ ಪಡೆಯ ರೆಕಾರ್ಡ್ ಆಫೀಸಿಗೆ ಬರೆಯಿರಿ: ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ. ತಂದೆಯ ಹೆಸರು, ಊರು, ಭರ್ತಿಯಾದ ಅಂದಾಜು ವರ್ಷ ಕೊಡಿ. ಮರಣ ಪತ್ರ, ವಂಶವೃಕ್ಷದ ಪ್ರತಿ ಲಗತ್ತಿಸಿ. ಹೆಸರನ್ನು ಪದಕದಲ್ಲಿದ್ದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದ್ದರಿಂದ ವಿಳಾಸದಲ್ಲಿ ಮದ್ರಾಸ್ ಪ್ರಾಂತ್ಯ ಎಂದೂ ನಮೂದಿಸಿ. ಅರ್ಜಿ ಬರೆಯುವುದು ಕಷ್ಟವಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿ.

ಮಹಾಯುದ್ಧಗಳಲ್ಲಿ ಮಡಿದ ಸೈನಿಕರ ಗೋರಿ, ಹೆಸರುಗಳ ಲೆಕ್ಕವಿಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿಯಲ್ಲಿ ತಾತನ ಹೆಸರಿಲ್ಲವೆಂದು ನೊಂದುಕೊಳ್ಳಬೇಡಿ. ಆ ಯುದ್ಧಕ್ಕೆ ಅದು ಸೇರಿಸಿಕೊಳ್ಳುವುದು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ತೀರಿಕೊಂಡವರನ್ನು ಮಾತ್ರ.

ಪ್ರಶ್ನೆ: ಲಿಂಗಸುಗೂರಿನ ಹಳೆಯ ಸೈನಿಕರ ಗೋರಿಗಳಿಗೂ ಇದೇ ದಾರಿಯೇ?
– ಓದುಗರು, ಮುದಗಲ್

ಉತ್ತರ: ಕಲ್ಲು ಓದುವ ಕ್ರಮ ಅದೇ, ಪಡೆ ಬೇರೆ. ಲಿಂಗಸುಗೂರಿನಲ್ಲಿದ್ದದ್ದು ಹೈದರಾಬಾದ್ ಕಂಟಿಂಜೆಂಟ್, ಅಂದರೆ ನಿಜಾಮರ ಸೀಮೆಯಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಸೇನೆ. ಅದರ ಕಾಲಾಳು ಪಡೆಗಳು 1903ರಲ್ಲಿ 94ರಿಂದ 99ರವರೆಗಿನ ನಂಬರ್ ಪಡೆದವು. ಅಲ್ಲಿ 60 ಕೂಡಿಸುವ ಲೆಕ್ಕ ನಡೆಯದು.