ಗುಂಡಿಗೆ ಬಿದ್ದ ಚಕ್ರಕ್ಕೆ ಸುತ್ತಿಗೆಯೋ, ಹೊಸ ರಿಮ್ಮೋ?

ಪ್ರಶ್ನೆ: ನನ್ನದು ನಾಲ್ಕು ವರ್ಷ ಹಳೆಯ 150 ಸಿಸಿ ಬೈಕ್, ಅಲಾಯ್ ವೀಲ್. ಹೋದ ತಿಂಗಳು ರಾತ್ರಿ ಮಳೆಯಲ್ಲಿ ಆಗುಂಬೆಯಿಂದ ವಾಪಸ್ ಬರುವಾಗ ಮೇಗರವಳ್ಳಿ ಹತ್ತಿರ ನೀರು ತುಂಬಿದ ಗುಂಡಿಗೆ ಮುಂದಿನ ಚಕ್ರ ಇಳಿಯಿತು. ರಿಮ್ಮಿನ ಅಂಚು ಒಂದು ಕಡೆ ಒಳಗೆ ಹೋಗಿದೆ. ಎರಡು ದಿನಕ್ಕೊಮ್ಮೆ ಗಾಳಿ ಹಾಕಿಸಬೇಕು. ಒಬ್ಬ ಮೆಕ್ಯಾನಿಕ್ ಗ್ಯಾಸ್‌ನಲ್ಲಿ ಕಾಯಿಸಿ ಬಡಿದು ಸರಿ ಮಾಡ್ತೀನಿ ಅಂತಾರೆ, ಇನ್ನೊಬ್ಬರು ಹೊಸದೇ ಹಾಕಿಸಿ ಅಂತಾರೆ. ಯಾರ ಮಾತು ಕೇಳಲಿ ಸರ್?
– ತೀರ್ಥಹಳ್ಳಿಯ ಓದುಗರು

ಉತ್ತರ: ಎರಡನೆಯವರ ಮಾತು ಕೇಳಿ. ಮುಂದಿನ ಚಕ್ರ, ಗಾಳಿ ಬೇರೆ ಇಳಿಯುತ್ತಿದೆ, ನೀವು ಓಡಾಡುವುದು ಘಾಟಿ ರಸ್ತೆಯಲ್ಲಿ. ಇದರಲ್ಲಿ ಯೋಚನೆ ಮಾಡುವುದೇನೂ ಉಳಿದಿಲ್ಲ. ರಿಮ್ ಬರುವ ತನಕ ಆ ಬೈಕಿನಲ್ಲಿ ಘಾಟಿ ಇಳಿಯಬೇಡಿ.

ಗ್ಯಾಸ್ ಯಾಕೆ ಬೇಡ ಅಂದರೆ, ಅಲಾಯ್ ಚಕ್ರ ಎರಕ ಹೊಯ್ದ ಅಲ್ಯೂಮಿನಿಯಂ. ಅನೇಕ ಚಕ್ರಗಳನ್ನು ಫ್ಯಾಕ್ಟರಿಯಲ್ಲಿ 500 ಡಿಗ್ರಿಗಿಂತ ಮೇಲೆ ಕಾಯಿಸಿ, ನೀರಿಗೆ ಅದ್ದಿ, ಆಮೇಲೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡಿರುತ್ತಾರೆ. ಗ್ಯಾಸ್ ಬೆಂಕಿ ಹಿಡಿದ ಜಾಗದಲ್ಲಿ ಆ ಗಟ್ಟಿತನ ಹೋಗಿಬಿಡುತ್ತದೆ, ಪಕ್ಕದ ಜಾಗ ಹಾಗೇ ಇರುತ್ತದೆ. ಇನ್ನೊಂದು ತೊಂದರೆ ಇದೆ. ಕಬ್ಬಿಣ ಕಾದರೆ ಕೆಂಪಾಗುತ್ತದೆ, ಕಮ್ಮಾರನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಕಣ್ಣಿಗೇ ಕಾಣುತ್ತದೆ. ಅಲ್ಯೂಮಿನಿಯಂ ಕೆಂಪಾಗುವ ಮೊದಲೇ ಕರಗಲು ಶುರುವಾಗುತ್ತದೆ. ಬಡಿಯುವವರಿಗೆ ಎಷ್ಟೇ ಅನುಭವ ಇರಲಿ, ಅದು ಅಂದಾಜಿನ ಕೆಲಸ.

ನಾನೂ ಒಮ್ಮೆ ಹೀಗೆ ಮಾಡಿಸಿಕೊಂಡಿದ್ದೆ. ನೋಡಲು ಚೆನ್ನಾಗಿಯೇ ಇತ್ತು, ಪೇಂಟ್ ಕೂಡ ಹೊಡೆದುಕೊಟ್ಟಿದ್ದರು. ಎಂಟು ತಿಂಗಳಾದ ಮೇಲೆ ಟೈರ್ ಬದಲಿಸಲು ಬಿಚ್ಚಿದಾಗ ಒಳಗಡೆ, ಟೈರ್ ಕೂರುವ ಜಾಗದಲ್ಲಿ, ಕೂದಲೆಳೆಯಂಥ ಬಿರುಕು ಕಂಡಿತು. ಪಂಚರ್ ಅಂಗಡಿಯ ಹುಡುಗ ತೋರಿಸದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹಾಗಂತ ಅಲಾಯ್ ರಿಪೇರಿ ಆಗುವುದೇ ಇಲ್ಲ ಅಂತಲ್ಲ. ಹಿಂದಿನ ಚಕ್ರವಾಗಿದ್ದು, ಅಂಚು ಮಾತ್ರ ಎರಡು ಮೂರು ಮಿಲಿಮೀಟರ್ ಬಗ್ಗಿದ್ದು, ಬಿರುಕಿಲ್ಲದೆ, ಏಟು ಬಿದ್ದದ್ದು ಚಕ್ರದ ನಡುವಿನಿಂದ ಹೊರಟ ಕಾಲುಗಳು ರಿಮ್ಮಿಗೆ ಸೇರುವ ಜಾಗಕ್ಕಲ್ಲದಿದ್ದರೆ, ಹೈಡ್ರಾಲಿಕ್ ಪ್ರೆಸ್ ಇರುವ ಕಡೆ ನಿಧಾನವಾಗಿ ಒತ್ತಿ ಸರಿ ಮಾಡಿಸಬಹುದು. ಬಿರುಕಿಗೆ ವೆಲ್ಡಿಂಗ್ ಹಾಕಿಕೊಡುತ್ತೇವೆ ಅಂದರೆ ಮಾತ್ರ ಚಕ್ರ ಎತ್ತಿಕೊಂಡು ಮನೆಗೆ ಬನ್ನಿ.

ಬಿರುಕನ್ನು ಮನೆಯಲ್ಲೇ ಹುಡುಕಬಹುದು. ಟೈರ್ ಬಿಚ್ಚಿಸಿ, ಬ್ರೇಕ್ ಡಿಸ್ಕನ್ನೂ ಕಳಚಿ ಪಕ್ಕಕ್ಕಿಡಿ, ಅದಕ್ಕೆ ಎಣ್ಣೆ ತಾಗಬಾರದು. ಏಟು ಬಿದ್ದ ಜಾಗ ತೊಳೆದು ಒಣಗಿಸಿ ಸೀಮೆಎಣ್ಣೆ ಸವರಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ. ಕಾಲು ಗಂಟೆ ಬಿಟ್ಟು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಬಂದು ಪುಡಿಯ ಮೇಲೆ ಗೆರೆ ಮೂಡುತ್ತದೆ. ಗೆರೆ ಮೂಡಲಿಲ್ಲ ಅಂತ ಪೂರ್ತಿ ನಂಬಬೇಡಿ, ಮೂಡಿದರೆ ಮಾತ್ರ ಖಂಡಿತ ನಂಬಿ.

ಇನ್ನು ಕೆಲವರು “ಟ್ಯೂಬ್‌ಲೆಸ್ ಟೈರಿನೊಳಗೆ ಸುಮ್ನೆ ಒಂದು ಟ್ಯೂಬ್ ಹಾಕಿಸಿ, ಗಾಳಿ ನಿಲ್ಲುತ್ತೆ” ಅಂತಾರೆ. ನಿಲ್ಲುತ್ತದೆ, ನಿಜ. ಆದರೆ ರಿಮ್ ಹಾಳಾಗಿದೆ ಅಂತ ನಿಮಗೆ ಎರಡು ದಿನಕ್ಕೊಮ್ಮೆ ಹೇಳುತ್ತಿದ್ದದ್ದು ಆ ಸೋರಿಕೆಯೇ ಅಲ್ವಾ? ಅದರ ಬಾಯಿ ಮುಚ್ಚಿಸಿದ ಹಾಗಾಯಿತು.

ಸೆಕೆಂಡ್ ಹ್ಯಾಂಡ್ ರಿಮ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಯಾವ ಬೈಕಿನಿಂದ, ಯಾಕೆ ಕಳಚಿ ಬಂತು ಅಂತ ಯೋಚಿಸಿ. ತೆಗೆದುಕೊಳ್ಳಲೇಬೇಕು ಅಂತಿದ್ದರೆ ಆಕ್ಸಲ್ ಹಾಕಿ ತಿರುಗಿಸಿ, ಅಂಚಿನ ಪಕ್ಕ ಒಂದು ಕಡ್ಡಿಯನ್ನು ಅಲುಗಾಡದಂತೆ ಹಿಡಿದು ನೋಡಿ. ಕಡ್ಡಿಗೂ ಅಂಚಿಗೂ ನಡುವಿನ ಸಂದು ಎರಡು ಮಿಲಿಮೀಟರಿಗಿಂತ ಜಾಸ್ತಿ ಹೆಚ್ಚುಕಮ್ಮಿ ಆದರೆ ಬೇಡ. ಹೊಸದು ತಂದರೆ ಬೇರಿಂಗನ್ನೂ ಹೊಸದೇ ಹಾಕಿಸಿ, ಅಷ್ಟು ದೊಡ್ಡ ಏಟು ತಿಂದ ಬೇರಿಂಗ್ ಇವತ್ತಲ್ಲ ನಾಳೆ ಗೊರಗುಟ್ಟುತ್ತದೆ. ಟೈರಿನ ಪಕ್ಕದಲ್ಲಿ ಎಲ್ಲಾದರೂ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ ಅಂತ ಅರ್ಥ, ಟೈರೂ ಹೋಯಿತು.

ಇನ್ಶೂರೆನ್ಸ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಹಾಗಾಗಿ ತುಂಬಾ ಜನ “ನನ್ನ ಗಾಡಿಗೆ ಐದು ವರ್ಷ ಇನ್ಶೂರೆನ್ಸ್ ಇದೆ” ಅಂತ ನಿಶ್ಚಿಂತೆಯಾಗಿರುತ್ತಾರೆ. ನಿಮ್ಮ ಸ್ವಂತ ಗಾಡಿಗಾದ ಪೆಟ್ಟಿಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ ಬೇಕಾದ ಓನ್ ಡ್ಯಾಮೇಜ್ ಭಾಗ ಹೆಚ್ಚಾಗಿ ಒಂದೇ ವರ್ಷದ್ದು, ಆಮೇಲೆ ನೀವೇ ವರ್ಷ ವರ್ಷ ಕಟ್ಟಬೇಕು. ಅದು ಚಾಲ್ತಿಯಲ್ಲಿದ್ದರೂ ನಾಲ್ಕು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ ಸಾಮಾನ್ಯವಾಗಿ 35%, ಟೈರಿಗೆ 50% ಸವಕಳಿ ಅಂತ ಕಳೆಯುತ್ತಾರೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ಸೂ, ಅಂದರೆ ಕ್ಲೇಮ್ ಮಾಡದಿದ್ದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೂ, ಹೋಗುತ್ತದೆ. ಒಂದೇ ಒಂದು ರಿಮ್ಮಿಗಾದರೆ ಕೂತು ಲೆಕ್ಕ ಹಾಕಿ, ಕೈಯಿಂದಲೇ ಕೊಡುವುದು ಲಾಭ ಅನ್ನಿಸಬಹುದು. ಕ್ಲೇಮ್ ಮಾಡುವುದೇ ಆದರೆ ಚಕ್ರ ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ.

ಪ್ರಶ್ನೆ: ಹಳೆಯ ಬೈಕ್, ಕಡ್ಡಿ ಚಕ್ರ. ಅಡಿಕೆ ತೋಟಕ್ಕೆ ಹೋಗುವುದು ಮಣ್ಣುರಸ್ತೆ. ಹಿಂದಿನ ಚಕ್ರ ಹಾವಿನ ಹಾಗೆ ಓಲಾಡುತ್ತದೆ. ಮಗ ಅಲಾಯ್ ಹಾಕಿಸು ಅಂತ ಹಟ ಹಿಡಿದಿದ್ದಾನೆ.
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಮಗನಿಗೆ ಬೇರೆ ಏನಾದರೂ ಕೊಡಿಸಿ. ನಿಮ್ಮ ರಸ್ತೆಗೆ ಕಡ್ಡಿ ಚಕ್ರವೇ ಸರಿ. ಉಕ್ಕಿನ ರಿಮ್ ಬಗ್ಗುತ್ತದೆ, ಸುಲಭಕ್ಕೆ ಸೀಳುವುದಿಲ್ಲ; ಬಗ್ಗಿದ್ದನ್ನು ಒಂದು ಮಟ್ಟದವರೆಗೆ ತೆಗೆಯಬಹುದು. ನಿಮ್ಮದು ಬಹುಶಃ ಬರೀ ಕಡ್ಡಿ ಸಡಿಲ ಆಗಿರುವುದು. ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿ ತಟ್ಟಿ ನೋಡಿ, ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಸಪ್ಪೆಯಾಗಿ ಸದ್ದು ಮಾಡುತ್ತದೆ. ಔಟ್ ತೆಗೆಯುವುದು, ಅಂದರೆ ಕಡ್ಡಿಗಳನ್ನು ಹೊಂದಿಸಿ ಓಲಾಟ ಸರಿ ಮಾಡುವುದು, ಗೊತ್ತಿರುವ ಹಳೆಯ ಕೈಗೆ ಕೊಡಿ, ಸುಮ್ಮನೆ ಎಲ್ಲವನ್ನೂ ಟೈಟ್ ಮಾಡಿದರೆ ಇನ್ನಷ್ಟು ಕೆಡುತ್ತದೆ. ಹಾಗೇ ಟ್ಯೂಬ್ ತೆಗೆಸಿ ರಿಮ್ಮಿನ ಒಳಗಡೆ ನೋಡಿ. ನಮ್ಮ ಮಳೆಗೆ ತುಕ್ಕು ಹಿಡಿಯುವುದು ಒಳಗಿನಿಂದ. ಕಡ್ಡಿಯ ತುದಿ ಹಿಡಿಯುವ ನಿಪ್ಪಲ್ ಕೂರುವ ತೂತುಗಳ ಸುತ್ತ ತಿಂದುಹೋಗಿದ್ದರೆ ಹೊಸ ರಿಮ್ ತಂದು, ಚಕ್ರದ ನಡುವಿನ ಹಬ್ ಅದನ್ನೇ ಇಟ್ಟುಕೊಂಡು ಕಡ್ಡಿ ಕಟ್ಟಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಟೈರಿನ ಗಾಳಿ ಕಡಿಮೆ ಮಾಡಿದರೆ ಗ್ರಿಪ್ ಜಾಸ್ತಿ ಅಂತಾರೆ, ಹೌದಾ?
– ಸಾಗರದ ಓದುಗರು

ಉತ್ತರ: ಟಾರು ರಸ್ತೆಯಲ್ಲಿ ಬೇಡ. ಗಾಳಿ ಕಡಿಮೆ ಇದ್ದರೆ ಗುಂಡಿಯ ಅಂಚು ಟೈರನ್ನು ಅಪ್ಪಚ್ಚಿ ಮಾಡಿ ನೇರ ರಿಮ್ಮಿಗೇ ಹೊಡೆಯುತ್ತದೆ. ಮೊದಲ ಪ್ರಶ್ನೆ ಕೇಳಿದವರೂ ಆ ರಾತ್ರಿ ಎಷ್ಟು ಗಾಳಿ ಇತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಲಿ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟು ಹಾಕಿಸಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ.