ಮಗು ತಾನಾಗಿ ಬಂದು ಬರೆಯುವ ಮೂಲೆ

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆಂದು ಮೇಜು, ಕುರ್ಚಿ ತಂದು ಕೋಣೆಯಲ್ಲಿ ಹಾಕಿದ್ದೇವೆ. ಅಲ್ಲಿ ಎರಡು ನಿಮಿಷವೂ ಕೂರುವುದಿಲ್ಲ. ಅಡುಗೆಮನೆ ಬಾಗಿಲ ಬಳಿ ನೆಲದ ಮೇಲೆ ಮಲಗಿ ಗೀಚುತ್ತಾಳೆ. ಏನು ಮಾಡಬೇಕು?

ಉತ್ತರ: ಜಾಗವನ್ನು ಅವಳೇ ಆರಿಸಿಕೊಂಡಿದ್ದಾಳೆ, ನೀವು ಅದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯಿತು. ಈ ವಯಸ್ಸಿನವರಿಗೆ ದೊಡ್ಡವರು ಕಣ್ಣಿಗೆ ಕಾಣುತ್ತಿರಬೇಕು, ಬರೆದದ್ದನ್ನು ಆ ಕ್ಷಣವೇ ತೋರಿಸಬೇಕು. ಮೇಜನ್ನು ನೀವು ಹೆಚ್ಚು ಹೊತ್ತು ಇರುವ ಕಡೆ ತಂದಿಡಿ. ಎರಡಡಿ ಅಗಲ, ಮೂರಡಿ ಉದ್ದದ ಜಾಗ ಸಾಕು. ಅದು ಓಡಾಡುವ ದಾರಿಯಲ್ಲಿರಬಾರದು, ಒಲೆಯ ಹತ್ತಿರವಿರಬಾರದು, ಎದುರಿಗೆ ಟಿವಿ ಇರಬಾರದು.

ಆಮೇಲೆ ಎತ್ತರ ನೋಡಿ. ಮಕ್ಕಳು ಕೂರದಿರುವುದಕ್ಕೆ ಹಟಕ್ಕಿಂತ ಹೆಚ್ಚಾಗಿ ಇದೇ ಕಾರಣ. ಸುಮಾರು ಒಂದು ಮೀಟರ್ ಎತ್ತರದ ಮಗುವಿಗೆ ಕುರ್ಚಿಯ ಆಸನ ನೆಲದಿಂದ 26 ಸೆಂ.ಮೀ., ಮೇಜು 46 ಸೆಂ.ಮೀ. ಇದ್ದರೆ ಹೊಂದುತ್ತದೆ. 110ರಿಂದ 120 ಸೆಂ.ಮೀ. ಎತ್ತರದವರಿಗೆ ಆಸನ 31, ಮೇಜು 53. ಅಳತೆಪಟ್ಟಿ ಕೈಗೆ ಸಿಗದಿದ್ದರೆ ಮಗುವನ್ನು ಕೂರಿಸಿ ನೋಡಿ: ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತೋಳು ಇಳಿಬಿಟ್ಟು ಮೊಣಕೈ ಮಡಿಸಿದರೆ ಮೇಜಿನ ಮೇಲ್ಮೈ ಮೊಣಕೈ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರಬೇಕು. ಕಾಲು ಜೋತಾಡಿದರೆ ಮೈ ಮುಂದಕ್ಕೆ ಜಾರುತ್ತದೆ, ಜಾರದಂತೆ ತಡೆಯಲು ಮಗು ಕೈಯನ್ನೇ ಊರುಗೋಲು ಮಾಡಿಕೊಳ್ಳುತ್ತದೆ. ಮೇಜು ಎತ್ತರವಾದರೆ ಭುಜ ಮೇಲಕ್ಕೆ ಸೆಟೆದು ಬೇಗ ಸೋಲುತ್ತದೆ. ಹೊಸ ಪೀಠೋಪಕರಣ ಬೇಕಾಗಿಲ್ಲ. ಕಾಲಡಿಗೆ ಅಲುಗಾಡದ ಮಣೆ, ಬೆನ್ನ ಹಿಂದೆ ಗಟ್ಟಿ ದಿಂಬು ಇಟ್ಟರೂ ನಡೆಯುತ್ತದೆ.

ನೆಲದ ಮೇಲೆ ಬೋರಲು ಮಲಗಿ ಬರೆಯುವುದನ್ನು ತಪ್ಪಿಸಬೇಡಿ. ಆಗ ಭಾರವೆಲ್ಲ ಮೊಣಕೈ ಮೇಲೆ ಬಿದ್ದು ಭುಜ ಗಟ್ಟಿಯಾಗುತ್ತದೆ. ಗಟ್ಟಿ ರಟ್ಟೊಂದನ್ನು ಕೊಟ್ಟರಾಯಿತು. ಇನ್ನೊಂದು ದೊಡ್ಡ ಹಾಳೆಯನ್ನು ಅವಳ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ನಿಂತು ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ. ಮುಂದೆ ಪೆನ್ಸಿಲನ್ನು ಬೆರಳಲ್ಲಿ ಹಿಡಿಯಲು ಬೇಕಾದ ಭಂಗಿಯೂ ಅದೇ.

ಪ್ರಶ್ನೆ: 24 ಬಣ್ಣದ ಡಬ್ಬಿ, ಸ್ಕೆಚ್ ಪೆನ್, ಪುಸ್ತಕ ಎಲ್ಲ ಕೊಟ್ಟಿದ್ದೇವೆ. ಹರಡುತ್ತಾನೆ, ಗೋಡೆಗೆ ಬಳಿಯುತ್ತಾನೆ, ಬರೆಯುವುದು ಮಾತ್ರ ಕಡಿಮೆ. ವಯಸ್ಸು ಮೂರೂವರೆ.

ಉತ್ತರ: ಕೊಟ್ಟಿದ್ದು ಹೆಚ್ಚಾಯಿತು. ನಾಲ್ಕು ದಪ್ಪ ಕ್ರೇಯಾನ್, ಎರಡು ದಪ್ಪ ಮೆದು ಪೆನ್ಸಿಲ್ (2ಬಿ ಒಳ್ಳೆಯದು, ಒತ್ತದಿದ್ದರೂ ಕಪ್ಪಗೆ ಮೂಡುತ್ತದೆ), ಹತ್ತು ಖಾಲಿ ಹಾಳೆ ಸಾಕು. ಉಳಿದದ್ದನ್ನು ಎತ್ತಿಟ್ಟು ಎರಡು ವಾರಕ್ಕೊಮ್ಮೆ ಒಂದೋ ಎರಡೋ ವಸ್ತು ಬದಲಿಸಿ. ಬದಲಾಗಿದ್ದು ಮಕ್ಕಳ ಕಣ್ಣಿಗೆ ತಕ್ಷಣ ಬೀಳುತ್ತದೆ. ಆಳದ ಡಬ್ಬಿಯಾದರೆ ತಳದಲ್ಲಿರುವುದಕ್ಕಾಗಿ ಎಲ್ಲವನ್ನೂ ಸುರಿಯುತ್ತಾನೆ. ಅಗಲ ಬಾಯಿಯ, ಗಿಡ್ಡನೆಯ, ಉರುಳದ ಪಾತ್ರೆ ಇಡಿ.

ಕ್ರೇಯಾನ್ ತುಂಡಾದರೆ ಎಸೆಯಬೇಡಿ. ಉದ್ದನೆಯದನ್ನು ಮುಷ್ಟಿಯಲ್ಲಿ ಹಿಡಿಯಬಹುದು, ಎರಡೂವರೆ ಸೆಂ.ಮೀ. ತುಂಡು ಮುಷ್ಟಿಗೆ ಸಿಗುವುದಿಲ್ಲ, ಬೆರಳ ತುದಿಗಳೇ ಹಿಡಿಯಬೇಕಾಗುತ್ತದೆ. ‘ಹೀಗೆ ಹಿಡಿ’ ಎಂದು ಹತ್ತು ಸಲ ಹೇಳುವುದಕ್ಕಿಂತ ಈ ತುಂಡು ಚೆನ್ನಾಗಿ ಕಲಿಸುತ್ತದೆ. ಆದರೆ ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಈ ತುಂಡುಗಳು, ಪೆನ್ ಮುಚ್ಚಳಗಳು ಅದರ ಕೈಗೆ ಸಿಗದಿರಲಿ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುವ ಗಾತ್ರ ಅದು.

ಗೋಡೆಯ ವಿಷಯ: ಹಾಳೆ ಸರಿದರೆ ಗೆರೆ ಹೊರಗೆ ಹೋಗುತ್ತದೆ. ಎ3 ಅಳತೆಯ ಹಾಳೆ ಕೊಟ್ಟು ನಾಲ್ಕೂ ಮೂಲೆಗೆ ಟೇಪ್ ಹಾಕಿ, ನೀರಿಗೆ ಹೋಗುವ ಶಾಯಿಯನ್ನೇ ಆರಿಸಿ. ‘ಬರೆಯುವುದು ಹಾಳೆ ಮೇಲೆ’ ಎಂಬ ಒಂದೇ ನಿಯಮ ಸಾಕು.

ಪ್ರಶ್ನೆ: ಐದು ವರ್ಷದ ಮಗ ಎಡಗೈಯಲ್ಲಿ ಬರೆಯುತ್ತಾನೆ. ಬದಲಿಸಬೇಕೇ?

ಉತ್ತರ: ಖಂಡಿತ ಬೇಡ. ಜಾಗವನ್ನು ಅವನ ಕೈಗೆ ಹೊಂದಿಸಿ. ಹಾಳೆಯ ಮೇಲಿನ ತುದಿಯನ್ನು ಬಲಕ್ಕೆ ಓರೆ ಮಾಡಿ, ಹಾಳೆಯನ್ನು ಮೈಯ ನಡುಗೆರೆಯಿಂದ ತುಸು ಎಡಕ್ಕಿಡಿ. ನೇರ ಇಟ್ಟರೆ ಬರೆದದ್ದು ಕಾಣದೆ ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸುತ್ತಾನೆ. ಪೆನ್ಸಿಲನ್ನು ತುದಿಯಿಂದ ಮೂರು ಸೆಂ.ಮೀ. ಮೇಲೆ ಹಿಡಿಯಲಿ. ಬೆಳಕು ಬಲದಿಂದ ಬರಲಿ, ಬಲಗೈಯವರಿಗೆ ಎಡದಿಂದ. ಪಕ್ಕದಲ್ಲಿ ಬಲಗೈ ಮಗು ಕೂರುವುದಾದರೆ ಇವನು ಎಡತುದಿಯಲ್ಲಿರಲಿ, ಮೊಣಕೈ ತಾಗುವುದಿಲ್ಲ.

ಪ್ರಶ್ನೆ: ಆ ಮೂಲೆಯಲ್ಲೇ ದಿನಾ ಅಕ್ಷರ ತಿದ್ದಿಸಬಹುದೇ? ಬಿಟ್ಟರೆ ಬರೀ ಗೀಚುತ್ತಾಳೆ.

ಉತ್ತರ: ತಿದ್ದಿಸುವುದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಪ್ರತಿ ಸಲವೂ ಪರೀಕ್ಷೆಯಾಗುವ ಜಾಗಕ್ಕೆ ಯಾವ ಮಗುವೂ ಕುಣಿದುಕೊಂಡು ಬರುವುದಿಲ್ಲ. ಗೀಚುವುದು ವ್ಯರ್ಥವೂ ಅಲ್ಲ. ಸಾಮಾನ್ಯವಾಗಿ ಮೂರರ ಸುಮಾರಿಗೆ ವೃತ್ತ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದಕ್ಕೆ ತ್ರಿಕೋನ ನೋಡಿ ಬರೆಯಲು ಬರುತ್ತದೆ. ಅಕ್ಷರದ ತಿರುವುಗಳೆಲ್ಲ ಇಂಥ ಗೆರೆಗಳಿಂದಲೇ ಆಗುವುದು.

ಅವಳಿಗೆ ಬೇಕಾಗಿರುವುದು ಬರೆಯಲು ಒಂದು ಕಾರಣ. ಸಾಮಾನಿನ ಪಟ್ಟಿ ನೀವು ಬರೆಯುವಾಗ ಅವಳಿಗೂ ಒಂದು ಚೀಟಿ ಕೊಡಿ. ಮನೆಯವರ ಹೆಸರನ್ನು ದಪ್ಪಕ್ಷರದಲ್ಲಿ ಬರೆದ ಚೀಟಿಗಳು, ಅಜ್ಜಿಗೆ ಪತ್ರ ಹಾಕಲು ಹಳೆಯ ಲಕೋಟೆ ಕೈಗೆಟುಕುವಲ್ಲಿರಲಿ. ಎಲ್ಲಕ್ಕಿಂತ ಹೆಚ್ಚು ಎಳೆಯುವುದು ಪುಟ್ಟ ಪುಸ್ತಕ: ಎರಡು ಎ4 ಹಾಳೆ ಸೇರಿಸಿ ನಡುವೆ ಮಡಿಸಿ, ಮಡಿಕೆಯ ಮೇಲೆ ಎರಡು ಪಿನ್ ಹೊಡೆದರೆ ಎಂಟು ಪುಟ. ಪಿನ್ನಿನ ಚೂಪು ತುದಿಗಳ ಮೇಲೆ ಟೇಪ್ ಅಂಟಿಸಿ. ಇದಕ್ಕಿಂತ ಹೆಚ್ಚು ಪುಟವಿದ್ದರೆ ಮುಗಿಸುವ ಮೊದಲೇ ಬೇಸರವಾಗುತ್ತದೆ.

ಬರೆದು ತಂದಾಗ ‘ಇದೇನು?’ ಎಂದು ಕೇಳಬೇಡಿ, ‘ಓದಿ ಹೇಳು’ ಎನ್ನಿ. ತಪ್ಪನ್ನು ಅಲ್ಲಿಯೇ ತಿದ್ದದೆ, ಅವಳು ಹೇಳಿದ್ದನ್ನು ಹಾಳೆಯ ಹಿಂದೆ ತಾರೀಕಿನೊಂದಿಗೆ ಬರೆದಿಡಿ. ಮೂರು ತಿಂಗಳ ಹಾಳೆಗಳನ್ನು ಸಾಲಾಗಿ ಹರಡಿದರೆ ಕೈ ಎಷ್ಟು ಪಳಗಿದೆ ಎಂದು ನಿಮಗೇ ಕಾಣುತ್ತದೆ.