ಧಾರವಾಡದ ಹಾಸ್ಟೆಲ್ ಕೋಣೆಯಲ್ಲೇ ಡಿಫರೆನ್ಷಿಯಲ್ ಈಕ್ವೇಶನ್‌ನ ಇಂಗ್ಲಿಷ್ ವಾಕ್ಯಗಳನ್ನು ಸ್ಪೀಚ್ ಡೇಟಾಗೆ (ಕಂಪ್ಯೂಟರ್‌ಗೆ ಮಾತು ಕಲಿಸುವ ಧ್ವನಿ ಸಂಗ್ರಹಕ್ಕೆ) ರೆಕಾರ್ಡ್ ಮಾಡಬಹುದೇ?

ಮಾಡಬಹುದು. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಗಾದಿಯನ್ನು ಗೋಡೆಗೆ ಆನಿಸಿಡಿ, ಪ್ರತಿಧ್ವನಿ ತಗ್ಗುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಗಿರಲಿ. ನೇರ ಇಟ್ಟರೆ ‘ಬೈ’, ‘ಪ್ರೈಮ್’ ಅನ್ನುವಾಗ ಉಸಿರು ಬಡಿಯುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ರೆಕಾರ್ಡಿಂಗ್ ಆ್ಯಪ್‌ನಲ್ಲಿ 16 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್, 16 ಬಿಟ್, ಮೋನೊ (ಒಂದೇ ಚಾನೆಲ್) ವೇವ್ (.wav) ಫೈಲ್ ಸಾಕು.

ನಿಜವಾದ ತೊಡಕು ಓದುವುದರಲ್ಲಿದೆ. dy/dx ಅನ್ನು ನಮ್ಮ ಕಾಲೇಜುಗಳಲ್ಲಿ ‘ಡಿ ವೈ ಬೈ ಡಿ ಎಕ್ಸ್’ ಅನ್ನುತ್ತಾರೆ. ‘ಬೈ’ ಇಲ್ಲದೆ ‘ಡಿ ವೈ ಡಿ ಎಕ್ಸ್’ ಅನ್ನುವವರೂ ಇದ್ದಾರೆ. ಎರಡೂ ಸರಿ, ಆದರೆ ಬಾಯಲ್ಲಿ ಬಂದದ್ದೇ ರೆಕಾರ್ಡಿಂಗ್ ಜೊತೆ ಕೊಡುವ ಬರಹದಲ್ಲೂ ಇರಬೇಕು. ಬರೀ ಚಿಹ್ನೆ ಬರೆದಿಟ್ಟರೆ ಯಾವ ಶಬ್ದ ಉಚ್ಚರಿಸಿದಿರೆಂದು ಈ ಡೇಟಾದಿಂದ ಕಲಿಯುವ ಮಾಡೆಲ್‌ಗೆ (ಕಂಪ್ಯೂಟರ್ ಪ್ರೋಗ್ರಾಮ್‌ಗೆ) ತಿಳಿಯದು. ‘ಇ ಟು ದ ಪವರ್ ಎಕ್ಸ್ ಪ್ಲಸ್ ಒನ್’ ಇನ್ನೂ ಕಿರಿಕಿರಿ: ಒನ್ ಘಾತದೊಳಗೋ ಹೊರಗೋ? ಹೊರಗಿದ್ದರೆ ಎಕ್ಸ್ ಆದಮೇಲೆ ಸಣ್ಣ ವಿರಾಮ ಕೊಡಿ; ಒಳಗಿದ್ದರೆ ಒಂದೇ ಉಸಿರಿಗೆ ಓದಿ.